ಜಿಯೋಥರ್ಮಲ್‌ಗೆ ಕನ್ನಡದಲ್ಲಿ ಏನನ್ನೋಣ? (ಜಿಯೋ ಸಿಮ್ ವಿಷಯ ಅಲ್ಲ)

ಹೊಸದುರ್ಗದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಮೊನ್ನೆ ಹತ್ತನೇ ಕ್ಲಾಸಿನಲ್ಲಿ ಕರೆಂಟು ಎಲ್ಲೆಲ್ಲಿಂದ ಬರುತ್ತದೆ ಅನ್ನೋ ಮಾತು ಬಂತು. ಬೋರ್ಡಿನ ಮೇಲೆ 'ಭೂಶಾಖ ವಿದ್ಯುತ್ ಸ್ಥಾವರ' ಅಂತ ಬರೆದು, ಪಕ್ಕದಲ್ಲಿ 'ಜಿಯೋಥರ್ಮಲ್' ಅಂತಲೂ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಸಾ, ಜಿಯೋದವರು ಕರೆಂಟೂ ಮಾಡ್ತಾರಾ?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ನಗು ನಿಂತ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ರಾಯಚೂರಿನದೂ ಥರ್ಮಲ್, ಇದೂ ಥರ್ಮಲ್. ರಾಯಚೂರಿನ ಕಲ್ಲಿದ್ದಲೂ ನೆಲದೊಳಗಿಂದಲೇ ಬರೋದು. ಹಾಗಾದರೆ ಅದು ಯಾಕೆ ಭೂಶಾಖ ಅಲ್ಲ?"

ಏನೋ ಒಂದು ಉತ್ತರ ಕೊಟ್ಟೆ. ಮನೆಗೆ ಬಂದು ಯೋಚಿಸಿದರೆ ನನಗೇ ಸಮಾಧಾನ ಆಗಲಿಲ್ಲ. ಪದದ ವಿಷಯವೂ ಅಷ್ಟೇ. ಒಂದು ಕಡೆ ಭೂಶಾಖ, ಇನ್ನೊಂದು ಕಡೆ ಭೂಉಷ್ಣ, ಮತ್ತೊಂದು ಕಡೆ ಭೂತಾಪ. ಯಾವುದು ಸರಿ? ಗೊತ್ತಿರುವವರು ಹೇಳಿ.

ಶಕ್ತಿನಗರ ನಿವೃತ್ತ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ನು. ನಾನು ಕಲ್ಲಿದ್ದಲಿನ ಸ್ಥಾವರದಲ್ಲಿ ಟರ್ಬೈನ್ ವಿಭಾಗದಲ್ಲಿ ಇದ್ದವನು. ಮೂವತ್ತು ವರ್ಷ 'ಥರ್ಮಲ್ ಥರ್ಮಲ್' ಅಂತ ಹೇಳಿಕೊಂಡು ಓಡಾಡಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಜಲವಿದ್ಯುತ್, ಸೌರವಿದ್ಯುತ್, ಪವನವಿದ್ಯುತ್. ಇವೆಲ್ಲ ಮೂಲವನ್ನು ಹೇಳುವ ಹೆಸರುಗಳು. 'ಥರ್ಮಲ್' ಮಾತ್ರ ಮೂಲದ ಹೆಸರಲ್ಲ, ನಡುವಿನ ಒಂದು ಹಂತದ ಹೆಸರು. ಏನನ್ನೋ ಉರಿಸಿ ಶಾಖ, ಶಾಖದಿಂದ ಹಬೆ, ಹಬೆಯಿಂದ ಟರ್ಬೈನ್. ಆ ಲೆಕ್ಕ ಹಿಡಿದರೆ ಕೈಗಾದ ಅಣುಸ್ಥಾವರವೂ ಥರ್ಮಲ್ಲೇ. ಅಲ್ಲೂ ಟರ್ಬೈನ್ ತಿರುಗಿಸೋದು ಹಬೆಯೇ. ರೂಢಿಯಲ್ಲಿ ನಾವು ಕಲ್ಲಿದ್ದಲಿನದಕ್ಕೆ ಮಾತ್ರ ಆ ಹೆಸರು ಅಂಟಿಸಿಬಿಟ್ಟಿದ್ದೇವೆ.

'ಜಿಯೋ' ಸೇರಿದ ಕೂಡಲೇ ಅದು ಮೂಲದ ಹೆಸರಾಗುತ್ತದೆ. ಗ್ರೀಕ್‌ನಲ್ಲಿ 'ಗೇ' ಅಂದರೆ ಭೂಮಿ, 'ಥೆರ್ಮೋಸ್' ಅಂದರೆ ಬಿಸಿ. ಇಲ್ಲಿ ನೆಲ ಕೊಡೋದು ಇಂಧನ ಅಲ್ಲ, ಶಾಖವನ್ನೇ. ಕಲ್ಲಿದ್ದಲನ್ನು ಮೇಲೆ ತಂದು ಬೆಂಕಿ ಹಚ್ಚಿದರೆ ಮಾತ್ರ ಬಿಸಿ. ಭೂಶಾಖದಲ್ಲಿ ಬೆಂಕಿ ಹಚ್ಚೋ ಕೆಲಸವೇ ಇಲ್ಲ. ಹಂಡೆ ತನ್ನಷ್ಟಕ್ಕೆ ಕಾಯ್ತಾ ಇದೆ, ಕಟ್ಟಿಗೆ ತುರುಕೋರು ಬೇಡ. ಹುಡುಗಿಗೆ ಇಷ್ಟು ಹೇಳಿದರೆ ಸಾಕು ಅನ್ನಿಸುತ್ತೆ.

ಸ್ಥಾವರ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತೆ. ಕಲ್ಲಿದ್ದಲು ಯಾರ್ಡು ಇಲ್ಲ, ಮಿಲ್ ಇಲ್ಲ, ಬಾಯ್ಲರ್ ಇಲ್ಲ, ಬೂದಿ ಹೊಂಡ ಇಲ್ಲ. ಟರ್ಬೈನ್, ಜನರೇಟರ್, ಕಂಡೆನ್ಸರ್, ಕೂಲಿಂಗ್ ಟವರ್ ಮಾತ್ರ ನಮ್ಮ ಹಾಗೇ. ಬಾಯ್ಲರ್ ಇರಬೇಕಾದ ಜಾಗದಲ್ಲಿ ಒಂದೆರಡು ಕಿಲೋಮೀಟರ್ ಆಳದ ಬಾವಿಗಳು.

ಮಲ್ಲೇಶ್ವರಂ ಮಾಣಿ

ಒಂದು ಡೌಟು ಸರ್. ಬಾವಿಯಿಂದ ಬಂದ ಹಬೆಯನ್ನು ನೇರವಾಗಿ ಟರ್ಬೈನಿಗೆ ಬಿಡ್ತಾರಾ? ಮಣ್ಣು ಕಲ್ಲು ಎಲ್ಲ ಬರಲ್ವಾ?

ಶಕ್ತಿನಗರ ನಿವೃತ್ತ

ಬರುತ್ತೆ. ಅದಕ್ಕೇ ಟರ್ಬೈನಿಗೆ ಮುಂಚೆ ಬೇರ್ಪಡಿಸುವ ದೊಡ್ಡ ಪಾತ್ರೆಗಳು ಇರುತ್ತವೆ.

ಕೆಲವೇ ಕೆಲವು ಜಾಗಗಳಲ್ಲಿ ನೆಲದಿಂದ ನೀರು ಬೆರೆಯದ ಒಣ ಹಬೆಯೇ ಬರುತ್ತೆ. ಇಟಲಿಯ ಲಾರ್ಡೆರೆಲ್ಲೊ, ಕ್ಯಾಲಿಫೋರ್ನಿಯಾದ ದಿ ಗೀಸರ್ಸ್ ಅಂಥವು. ಅದು ಅದೃಷ್ಟ. ಜಾಸ್ತಿ ಕಡೆ ಸಿಗೋದು ಒತ್ತಡದಲ್ಲಿರುವ ಬಿಸಿನೀರು. ಇನ್ನೂರು ಡಿಗ್ರಿ ದಾಟಿದರೂ ಕುದಿಯದೆ ನೀರಾಗೇ ಇರುತ್ತೆ, ಯಾಕೆಂದರೆ ಮೇಲಿನ ಒತ್ತಡ ಬಿಡಲ್ಲ. ಮೇಲೆ ತಂದು ಒತ್ತಡ ಇಳಿಸಿದರೆ ಅದರಲ್ಲಿ ಒಂದು ಪಾಲು ತಟ್ಟನೆ ಹಬೆಯಾಗುತ್ತೆ. ಕುಕ್ಕರಿನ ವೆಯಿಟ್ ಎತ್ತಿದರೆ ಬುಸ್ ಅಂತ ಬರುತ್ತಲ್ಲ, ಆ ತರಹ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಿಂದ ಹೀಗೇ ನಡೆಯುತ್ತಿದೆ.

ನೀರು ಅಷ್ಟು ಬಿಸಿ ಇಲ್ಲದಿದ್ದರೆ? ಆಗ ನೀರಿನ ಶಾಖವನ್ನು ಇನ್ನೊಂದು ದ್ರವಕ್ಕೆ ದಾಟಿಸುತ್ತಾರೆ. ಪೆಂಟೇನ್ ಅಂಥದ್ದು, ಬೇಗ ಕುದಿಯುತ್ತೆ. ಅದರ ಆವಿ ಟರ್ಬೈನ್ ತಿರುಗಿಸುತ್ತೆ. ನೆಲದ ನೀರು ಟರ್ಬೈನನ್ನು ಮುಟ್ಟೋದೇ ಇಲ್ಲ, ಶಾಖ ಕೊಟ್ಟು ವಾಪಸ್ ನೆಲಕ್ಕೆ. ಅಲಾಸ್ಕಾದ ಚೀನಾ ಬಿಸಿನೀರಿನ ಬುಗ್ಗೆಯಲ್ಲಿ (ಚೀನಾ ಅನ್ನೋದು ಆ ಊರಿನ ಹೆಸರು, ದೇಶ ಅಲ್ಲ) 2006ರಿಂದ 74 ಡಿಗ್ರಿ ನೀರಲ್ಲೇ ಕರೆಂಟು ತೆಗೆಯುತ್ತಿದ್ದಾರೆ. 74 ಡಿಗ್ರಿ! ನಮ್ಮ 210 ಮೆಗಾವ್ಯಾಟ್ ಯೂನಿಟ್ಟಿಗೆ ಹಬೆ ಹೋಗುತ್ತಿದ್ದದ್ದು ಸುಮಾರು 540 ಡಿಗ್ರಿಯಲ್ಲಿ. ನಮ್ಮ ಕಾಲದಲ್ಲಿ ಯಾರಾದರೂ 74 ಡಿಗ್ರಿ ನೀರಲ್ಲಿ ಕರೆಂಟು ಮಾಡ್ತೀನಿ ಅಂದಿದ್ದರೆ ಕಾಫಿ ಕುಡಿಸಿ ಕಳಿಸುತ್ತಿದ್ದೆವು.

ಬಿಸಿ ಕಡಿಮೆ ಆದಷ್ಟೂ ಕೈಗೆ ಸಿಗುವ ಪಾಲೂ ಕಡಿಮೆ, ಅದು ನಿಜ. ಆದರೆ ಇಂಧನದ ಬಿಲ್ಲೇ ಇಲ್ಲವಲ್ಲ.

ನೆಲದ ನುಡಿ

ಪದದ ವಿಷಯಕ್ಕೆ ಬರೋಣ. 'ಭೂಉಷ್ಣ' ಅಂತ ಬರೆಯೋದೇ ತಪ್ಪು. ಸಂಸ್ಕೃತದ ಸಂಧಿ ಮಾಡಿದರೆ 'ಭೂಷ್ಣ' ಆಗಬೇಕು. 'ಭೂಷ್ಣ ವಿದ್ಯುತ್ ಸ್ಥಾವರ' ಅಂದರೆ ಯಾರಿಗಾದರೂ ಅರ್ಥ ಆಗುತ್ತಾ? ನನ್ನ ಕೇಳಿದರೆ ಕನ್ನಡದ್ದೇ ಪದ ಇದೆ. ಕಾವು. ನೆಲದ ಕಾವು, ನೆಲಗಾವು. ಕೋಳಿ ಕಾವು ಕೊಡೋದು ಮಕ್ಕಳಿಗೂ ಗೊತ್ತು. 'ನೆಲಗಾವಿನ ಕರೆಂಟು' ಅಂದರೆ ಹೊಸದುರ್ಗದ ಹುಡುಗನಿಗೂ ತಿಳಿಯುತ್ತೆ, ಸಿಮ್ಮೂ ನೆನಪಾಗಲ್ಲ.

ಮಲ್ಲೇಶ್ವರಂ ಮಾಣಿ

ಭೂಷ್ಣ ಅಂದರೆ ನಮ್ಮ ಬೀದಿಯ ಭೂಷಣ್ ಅಂಕಲ್ ನೆನಪಾದರು 😄

ಕಲ್ಲು ಓದುವವಳು

ನೆಲದ ನುಡಿ ಅವರೇ, ನೆಲಗಾವು ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡೋರು ಯಾರು? ನಾನು ಭೂವಿಜ್ಞಾನ ಓದಿದವಳು. ನನ್ನ ಓಟು ಭೂಶಾಖಕ್ಕೆ. 'ಭೂತಾಪ' ಬೇಡವೇ ಬೇಡ. ಪತ್ರಿಕೆಗಳಲ್ಲಿ ಭೂಮಿ ಬಿಸಿಯಾಗುತ್ತಿರುವ ವಿಷಯಕ್ಕೆ ಅದೇ ಪದ ಬಳಸುತ್ತಾರೆ. ಅದು ಗಾಳಿಯ ಬಿಸಿ, ಇದು ಬಂಡೆಯ ಬಿಸಿ. ಎರಡೂ ಕಲಸಿದರೆ ಮಕ್ಕಳ ತಲೆ ಕೆಡುತ್ತೆ.

ಈ ಶಾಖ ಎಲ್ಲಿಂದ ಬಂತು ಅನ್ನೋದನ್ನೂ ಮೇಷ್ಟ್ರು ಹೇಳಬೇಕು. ಒಂದು ಪಾಲು ಭೂಮಿ ಹುಟ್ಟಿದಾಗಿನದು, ಇನ್ನೂ ಆರಿಲ್ಲ. ಇನ್ನೊಂದು ದೊಡ್ಡ ಪಾಲು ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಸಣ್ಣಗೆ ವಿಕಿರಣ ಸೂಸುತ್ತಾ ಕೊಡೋದು. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಕೆಳಗೆ ಹೋದರೆ 25ರಿಂದ 30 ಡಿಗ್ರಿ ಏರುತ್ತೆ. ಜ್ವಾಲಾಮುಖಿ ಇರುವ ಕಡೆ, ಭೂಫಲಕಗಳು ಬಿರಿಯುವ ಅಥವಾ ಗುದ್ದುವ ಕಡೆ ಇದಕ್ಕಿಂತ ಬಹಳ ಜಾಸ್ತಿ. ಅದಕ್ಕೇ ಐಸ್‌ಲ್ಯಾಂಡ್, ಇಂಡೊನೇಷ್ಯಾ, ಫಿಲಿಪೀನ್ಸ್, ಕೆನ್ಯಾ ಹೆಸರು ಕೇಳೋದು.

ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಆಳದ ಬಾವಿ ಕೊರೆಯುತ್ತಾ ಹೋದವರು ಎರಡು ಕಿಲೋಮೀಟರ್ ಚಿಲ್ಲರೆಗೇ ಕರಗಿದ ಶಿಲಾಪಾಕಕ್ಕೆ ಡ್ರಿಲ್ ಚುಚ್ಚಿಬಿಟ್ಟರು. ಅವರು ಹೊರಟಿದ್ದು ನಾಲ್ಕು ಕಿಲೋಮೀಟರಿಗೂ ಕೆಳಗೆ.

ಪುತ್ತೂರುದ ಪೊಣ್ಣು

ಹಾಗಾದರೆ ನಮ್ಮ ಬೆಂದ್ರ್ ತೀರ್ಥ? ಪುತ್ತೂರು ತಾಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ಪಕ್ಕ ಬಿಸಿನೀರಿನ ಕೊಳ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಸಣ್ಣವಳಿದ್ದಾಗ ಅಜ್ಜಿ ಜೊತೆ ಹೋಗಿ ಮಿಂದಿದ್ದೇನೆ. ಅಲ್ಲಿ ಸ್ಥಾವರ ಮಾಡಬಹುದಾ?

ಕಲ್ಲು ಓದುವವಳು

ಇಲ್ಲ ತಂಗಿ. ಆ ನೀರು ಮೈಬಿಸಿಯ ಆಸುಪಾಸಿನದು. ಮೀಯೋದಕ್ಕೆ ಹಿತ, ಟರ್ಬೈನಿಗೆ ತಣ್ಣೀರು. ಮೇಲೆ ಸರ್ ಹೇಳಿದ ಆ 74 ಡಿಗ್ರಿಯೇ ಬಹಳ ಕೆಳಗಿನ ಮಟ್ಟ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಅದೃಷ್ಟ ಕಡಿಮೆ. ನಮ್ಮ ಕಾಲ ಕೆಳಗಿನ ಧಾರವಾಡ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಗಟ್ಟಿ, ದಪ್ಪ, ತಣ್ಣಗಿನ ನೆಲ. ನೆಮ್ಮದಿಯ ನೆಲ ಅಂತಲೂ ಅನ್ನಬಹುದು.

ಕೆಜಿಎಫ್ ಮೊಮ್ಮಗ

ತಣ್ಣಗಿನ ನೆಲವಾ? ಮೇಡಂ, ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಕೆಳಗಿನ ಲೆವೆಲ್‌ನಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು ಅನ್ನುತ್ತಿದ್ದರು. ಅಂಗಿ ಬಿಚ್ಚಿ ಹಿಂಡಿದರೆ ಲೋಟ ತುಂಬ ಬೆವರು. ಕೆಳಗೆ ತಣ್ಣನೆ ಗಾಳಿ ಕಳಿಸೋಕೆ ಮೇಲೆ ದೊಡ್ಡ ಯಂತ್ರಗಳೇ ಇದ್ದವು. ಇಷ್ಟು ಬಿಸಿ ಇದ್ದೂ ಕರೆಂಟು ಆಗಲ್ವಾ? ಆ ಗುಂಡಿ ಈಗ ಸುಮ್ನೆ ಬಿದ್ದಿದೆ, 2001ರಲ್ಲಿ ಮುಚ್ಚಿದರು.

ಕಲ್ಲು ಓದುವವಳು

ನಿಮ್ಮ ತಾತ ಹೇಳಿದ್ದು ಸುಳ್ಳಲ್ಲ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಮನುಷ್ಯನಿಗೆ ಅದು ನರಕವೇ. ಆದರೆ ಆಳ ಎಷ್ಟು ನೋಡಿ, ಮೂರು ಕಿಲೋಮೀಟರಿಗೂ ಜಾಸ್ತಿ. ಮೇಲೆ ಸುಮಾರು 25 ಡಿಗ್ರಿ ಅಂತ ಹಿಡಿದರೆ, ಅಷ್ಟು ಕೆಳಗೆ ಹೋಗಿ ಏರಿದ್ದು ನಲವತ್ತು ಡಿಗ್ರಿ ಚಿಲ್ಲರೆ. ಕಿಲೋಮೀಟರಿಗೆ ಹದಿಮೂರು ಹದಿನಾಲ್ಕು. ಬೇರೆ ಕಡೆಯ ಅರ್ಧ. ತಣ್ಣಗಿನ ನೆಲ ಅಂದಿದ್ದು ಅದಕ್ಕೇ. ಲಾರ್ಡೆರೆಲ್ಲೊದಲ್ಲಿ ಇಷ್ಟು ಆಳಕ್ಕೆ ಹೋದರೆ ಮುನ್ನೂರು ಡಿಗ್ರಿಗೆ ಕಡಿಮೆ ಇರಲ್ಲ.

ಇನ್ನೊಂದು, ಬರೀ ಬಿಸಿ ಇದ್ದರೆ ಸಾಲದು. ಮೂರು ಕೂಡಬೇಕು. ಬಿಸಿ ಬಂಡೆ, ಅದರೊಳಗೆ ನೀರು, ನೀರು ಓಡಾಡೋಕೆ ಬಿರುಕು. ಕೋಲಾರದ ಬಂಡೆಯಲ್ಲಿ ಮೊದಲನೆಯದೇ ಸಾಲದು.

ಕೆಜಿಎಫ್ ಮೊಮ್ಮಗ

ಸರಿ ಮೇಡಂ, ಒಪ್ಪಿದೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಿಗೆ ಶಿವನಸಮುದ್ರದಿಂದ ಕರೆಂಟು ಬಂದಿದ್ದು 1902ರಲ್ಲಿ. ಲಾರ್ಡೆರೆಲ್ಲೊದಲ್ಲಿ ಮೊದಲ ಬಲ್ಬು ಉರಿದದ್ದು ಯಾವಾಗ?

ಶಕ್ತಿನಗರ ನಿವೃತ್ತ

1904, ಜುಲೈ 4. ನೀವೇ ಗೆದ್ದಿರಿ 😀 ಪಿಯೆರೋ ಜಿನೋರಿ ಕೊಂಟಿ ಅಂತ 'ಪ್ರಿನ್ಸ್' ಬಿರುದಿನ ಕುಲೀನ ಮನೆತನದವರೊಬ್ಬರು ನೆಲದ ಹಬೆಯಿಂದ ಸಣ್ಣ ಡೈನಮೋ ತಿರುಗಿಸಿ ಐದು ಬಲ್ಬು ಹೊತ್ತಿಸಿದರು. ಐದೇ. 1913ರಲ್ಲಿ ಅಲ್ಲೇ 250 ಕಿಲೋವ್ಯಾಟ್‌ನ ಸ್ಥಾವರ ಶುರುವಾಯ್ತು. ಜಗತ್ತಿನ ಮೊದಲ ಭೂಶಾಖ ಸ್ಥಾವರ ಅದು. ಅಲ್ಲಿಯವರು ಆ ಜಾಗವನ್ನು ದೆವ್ವದ ಕಣಿವೆ ಅಂತ ಕರೆಯುತ್ತಿದ್ದರು. ಕರೆಂಟಿಗೆ ಮುಂಚೆ ಆ ಹಬೆ ಬೋರಿಕ್ ಆಮ್ಲ ತೆಗೆಯೋಕೆ ಬಳಕೆಯಾಗುತ್ತಿತ್ತು. ಆ ಉದ್ಯಮ ನಡೆಸಿದ ಲಾರ್ಡೆರೆಲ್ ಅನ್ನುವವರ ಹೆಸರೇ ಊರಿಗೆ ಬಂತು.

ಹೊಸದುರ್ಗದ ಮೇಷ್ಟ್ರು

ಅಬ್ಬಾ, ಒಂದು ದಿನದಲ್ಲಿ ಇಷ್ಟೊಂದು! ಭಾರತದಲ್ಲಿ ಎಲ್ಲೂ ಇಲ್ಲವಾ ಹಾಗಾದರೆ?

ಕಲ್ಲು ಓದುವವಳು

ಬಿಸಿನೀರಿನ ಬುಗ್ಗೆಗಳು ಮುನ್ನೂರಕ್ಕೂ ಜಾಸ್ತಿ ಇವೆ. ದೊಡ್ಡ ಸ್ಥಾವರ ಒಂದೂ ಇಲ್ಲ.

ಹಿಮಾಚಲದ ಮಣಿಕರಣ್‌ಗೆ ಹೋದವರಿಗೆ ಗೊತ್ತಿರುತ್ತೆ. ಬುಗ್ಗೆಯ ನೀರಲ್ಲೇ ಪಾತ್ರೆ ಇಳಿಬಿಟ್ಟು ಅನ್ನ ಬೇಯಿಸುತ್ತಾರೆ. ಅಲ್ಲಿ 5 ಕಿಲೋವ್ಯಾಟ್‌ನ ಒಂದು ಪ್ರಯೋಗ ಯಂತ್ರ ಓಡಿತ್ತು, ಬೇಗ ಕುದಿಯುವ ದ್ರವದ ಪದ್ಧತಿಯಲ್ಲಿ. ಅದನ್ನು ಮಾಡಿಕೊಟ್ಟಿದ್ದು ಬೆಂಗಳೂರಿನ ಎನ್‌ಎಎಲ್. ವಿಮಾನದ ಸಂಶೋಧನೆಯವರಿಗೆ ಟರ್ಬೈನ್ ಗೊತ್ತಿರಲೇಬೇಕಲ್ವಾ. ಆಮೇಲೆ ಗುಡ್ಡ ಕುಸಿದು ಅದು ಹಾಳಾಯಿತು.

ಈಗ ಕಣ್ಣೆಲ್ಲ ಲಡಾಖಿನ ಪುಗಾ ಕಣಿವೆ ಮೇಲೆ. ಸಮುದ್ರಮಟ್ಟದಿಂದ ಸುಮಾರು 4400 ಮೀಟರ್ ಎತ್ತರ. ಅಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತೆ. 2021ರ ಫೆಬ್ರವರಿಯಲ್ಲಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಯವರು ಲಡಾಖ್ ಆಡಳಿತದ ಜೊತೆ ಒಪ್ಪಂದ ಮಾಡಿಕೊಂಡರು. ಮೊದಲ ಹಂತಕ್ಕೆ 1 ಮೆಗಾವ್ಯಾಟ್ ಗುರಿ. ಚಿಕ್ಕದು ಅನ್ನಿಸಬಹುದು. ಆದರೆ ಚಳಿಗಾಲದಲ್ಲಿ ಅಲ್ಲಿ ಹೊಳೆಯೂ ಹೆಪ್ಪುಗಟ್ಟುತ್ತೆ. ಲಾರಿಯಲ್ಲಿ ಡೀಸೆಲ್ ಹೊತ್ತು ತರಬೇಕು. ಅಂಥ ಕಡೆ ಹಗಲು ರಾತ್ರಿ ಒಂದೇ ಸಮ ಬರುವ 1 ಮೆಗಾವ್ಯಾಟ್‌ಗೂ ಬೆಲೆ ಇದೆ.

ಗುಲಾಬಿ ನೈವಾಶಾ

ಮೂರು ದಿನದಿಂದ ಓದುತ್ತಿದ್ದೆ, ತಡೆಯಲಾಗಲಿಲ್ಲ. ನಾನು ದೊಡ್ಡಬಳ್ಳಾಪುರದವನು. ಗುಲಾಬಿ ತೋಟದ ಕೆಲಸಕ್ಕೆ ಅಂತ ಕೆನ್ಯಾದ ನೈವಾಶಾಕ್ಕೆ ಬಂದು ಇಲ್ಲೇ ಉಳಿದೆ. ಒಂದು ಕಾಲಕ್ಕೆ ಬೆಂಗಳೂರಿನ ಕಂಪನಿಯೊಂದೇ ಇಲ್ಲಿ ದೊಡ್ಡ ಗುಲಾಬಿ ತೋಟ ನಡೆಸುತ್ತಿತ್ತು, ಹಾಗಾಗಿ ನಮ್ಮ ಕಡೆಯವರು ಸುಮಾರು ಜನ ಬಂದಿದ್ದರು.

ಇಲ್ಲಿಂದ ಸ್ವಲ್ಪ ದೂರದಲ್ಲೇ ಒಲ್ಕಾರಿಯಾ. ಆಫ್ರಿಕಾದ ಮೊದಲ ದೊಡ್ಡ ಭೂಶಾಖ ಸ್ಥಾವರ 1981ರಲ್ಲಿ ಶುರುವಾಗಿದ್ದು ಇಲ್ಲೇ, 15 ಮೆಗಾವ್ಯಾಟ್‌ನ ಯೂನಿಟ್ಟಿನಿಂದ. ಈಗ ದೇಶದ ಭೂಶಾಖ ಸಾಮರ್ಥ್ಯ 900 ಮೆಗಾವ್ಯಾಟ್ ದಾಟಿದೆ. ಕೆನ್ಯಾದ ಕರೆಂಟಿನಲ್ಲಿ ಹೆಚ್ಚುಕಮ್ಮಿ ಅರ್ಧ ನೆಲದ ಬಿಸಿಯಿಂದಲೇ ಬರುತ್ತೆ. ಮಳೆ ಕೈಕೊಟ್ಟು ಅಣೆಕಟ್ಟು ಬತ್ತಿದ ವರ್ಷಗಳಲ್ಲಿ ಇದೇ ಕಾಪಾಡೋದು.

ಸ್ಥಾವರ ಅಂದರೆ ಒಂದು ಕಟ್ಟಡ ಅಂದುಕೊಳ್ಳಬೇಡಿ ಅಂತ ಹೇಳೋಕೆ ಬಂದೆ. ಕಟ್ಟಡ ಚಿಕ್ಕದು. ಗುಡ್ಡಗಳ ಮೇಲೆಲ್ಲ ಬಾವಿಗಳು, ಅವುಗಳಿಂದ ಹೊಳೆಯುವ ಕೊಳವೆಗಳು ಹಾವಿನ ಹಾಗೆ ಹರಿದು ಬರುತ್ತವೆ. ಅಲ್ಲಲ್ಲಿ ಕೊಳವೆ ನೇರ ಹೋಗದೆ ಚೌಕಾಕಾರದಲ್ಲಿ ಮಡಚಿಕೊಂಡಿರುತ್ತೆ. ಬಿಸಿಗೆ ಕಬ್ಬಿಣ ಹಿಗ್ಗುತ್ತಲ್ಲ, ಆ ಹಿಗ್ಗುವಿಕೆಗೆ ಜಾಗ ಬೇಕು. ಕೆಲವು ಕಡೆ ಎತ್ತರಕ್ಕೆ ಏರಿಸಿದ್ದಾರೆ, ಕೆಳಗೆ ಜಿರಾಫೆ ದಾಟಲಿ ಅಂತ. ಪಕ್ಕದಲ್ಲೇ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನ. ಇಟಲಿಯಲ್ಲಿ ದೆವ್ವದ ಕಣಿವೆ, ಇಲ್ಲಿ ನರಕದ ಬಾಗಿಲು. ಹಬೆ ಕಂಡ ಕಡೆ ಎಲ್ಲರಿಗೂ ಒಂದೇ ಯೋಚನೆ ಬರುತ್ತೆ ಅನ್ನಿಸುತ್ತೆ.

ವಾಸನೆ ಮಾತ್ರ ಕೊಳೆತ ಮೊಟ್ಟೆ. ಹೈಡ್ರೋಜನ್ ಸಲ್ಫೈಡ್. ಒಂದು ವಾರಕ್ಕೆ ಮೂಗು ಒಗ್ಗಿಕೊಳ್ಳುತ್ತೆ. ನಮ್ಮ ಪಕ್ಕದ ದೊಡ್ಡ ತೋಟದವರು ಇದೇ ಬಿಸಿನೀರಿನಲ್ಲಿ ರಾತ್ರಿ ಹೊತ್ತು ಗ್ರೀನ್‌ಹೌಸ್ ಬೆಚ್ಚಗಿಡುತ್ತಾರೆ. ತೇವ ಕಡಿಮೆಯಾಗಿ ಗುಲಾಬಿಗೆ ಬೂಷ್ಟು ಹಿಡಿಯಲ್ಲ.

ಎಲ್ಲವೂ ಚೆಂದ ಅಂತಲ್ಲ. ಒಲ್ಕಾರಿಯಾ 4ಕ್ಕೆ ಜಾಗ ಬೇಕು ಅಂತ ಮಸಾಯಿ ಕುಟುಂಬಗಳನ್ನು 2014ರಲ್ಲಿ ಬೇರೆ ಕಡೆ ಕಳಿಸಿದರು. ಅವರ ದೂರು ವಿಶ್ವಬ್ಯಾಂಕ್ ತನಕ ಹೋಯಿತು. ದನ ಸಾಕುವವರಿಗೆ ಮನೆ ಕಟ್ಟಿಕೊಟ್ಟರೆ ಮುಗೀತಾ? ಹುಲ್ಲು ಬೇಕಲ್ವಾ.

ಅನುಮಾನ ಅಪ್ಪಾಜಿ

ಎಲ್ಲರೂ ಹೊಗಳುತ್ತಿದ್ದೀರಿ. ನನ್ನದೊಂದು ತಕರಾರು. ಇದನ್ನು ಮುಗಿಯದ ಶಕ್ತಿ ಅಂತಾರೆ. ಆದರೆ ಗೀಸರ್ಸ್‌ನಲ್ಲಿ 80ರ ದಶಕದ ಕೊನೆಗೆ ಹಬೆ ಇಳಿಯಿತು. ವೈರಾಕೆಯಲ್ಲಿ ನೀರು ಎಳೆದೂ ಎಳೆದೂ ಒಂದು ಕಡೆ ನೆಲ ಹದಿನಾಲ್ಕು ಮೀಟರಿನಷ್ಟು ಕುಸಿದಿದೆ. ನಾಲ್ಕು ಮಹಡಿ! ಕೋಲಾರದಲ್ಲಿ ಬೋರ್‌ವೆಲ್ ಕೊರೆದೂ ಕೊರೆದೂ ಏನಾಯಿತು ಅಂತ ಕಂಡವರು ನಾವು. ಇದೂ ಅದೇ ಕಥೆ ಅಲ್ವಾ?

ಶಕ್ತಿನಗರ ನಿವೃತ್ತ

ತಕರಾರು ನ್ಯಾಯವಾದದ್ದೇ. ಗೀಸರ್ಸ್‌ನಲ್ಲಿ ಮುಗಿದದ್ದು ಬಿಸಿ ಅಲ್ಲ, ನೀರು. ಬಂಡೆ ಬಿಸಿಯಾಗೇ ಇತ್ತು, ಹಬೆಯಾಗೋಕೆ ನೀರು ಸಾಲಲಿಲ್ಲ. ಅದಕ್ಕೆ ಮಾಡಿದ ಉಪಾಯ ಕೇಳಿ. ಸ್ಯಾಂಟಾ ರೋಸಾ ಊರಿನ ಚರಂಡಿ ನೀರನ್ನು ಶುದ್ಧ ಮಾಡಿ, ಉದ್ದಕ್ಕೆ ಪೈಪ್ ಎಳೆದು, 2003ರಿಂದ ಆ ಬಾವಿಗಳಿಗೆ ತುಂಬಿಸುತ್ತಿದ್ದಾರೆ. ಊರಿನ ಬಚ್ಚಲ ನೀರು ಹಬೆಯಾಗಿ ಮೇಲೆ ಬಂದು ಅದೇ ಊರಿಗೆ ಬೆಳಕು. ನಮ್ಮಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡುತ್ತಾರಲ್ಲ, ಅದರ ಅಣ್ಣ ಇದ್ದ ಹಾಗೆ. ಈಗಿನ ಸ್ಥಾವರಗಳಲ್ಲಿ ನೀರು ವಾಪಸ್ ಹಾಕೋದು ಸಾಮಾನ್ಯ.

ಕಲ್ಲು ಓದುವವಳು

ಅಪ್ಪಾಜಿ ಅವರಿಗೆ ಇನ್ನೊಂದು ಅಸ್ತ್ರ ನಾನೇ ಕೊಡುತ್ತೇನೆ. ನೀರಿಲ್ಲದ ಬಿಸಿ ಬಂಡೆಗೆ ಒತ್ತಡದಲ್ಲಿ ನೀರು ನುಗ್ಗಿಸಿ ಬಿರುಕು ಮಾಡುವ ಪದ್ಧತಿಯೂ ಇದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ ಹೀಗೆ ಮಾಡುವಾಗ ನೆಲ ನಡುಗಿತು, ಯೋಜನೆ ನಿಂತಿತು. 2017ರಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 5.4ರಷ್ಟು ಭೂಕಂಪ ಆಯಿತು. ಅದಕ್ಕೆ ಹೀಗೆ ನೀರು ನುಗ್ಗಿಸಿದ್ದೇ ಕಾರಣ ಅಂತ ಸರ್ಕಾರ ನೇಮಿಸಿದ ತಂಡವೇ ಹೇಳಿತು. ಜಾಗ ಗೊತ್ತಿಲ್ಲದೆ ಕೈ ಹಾಕಬಾರದು.

ಹಿಮದೂರು ಸುಬ್ಬಿ

ಅಮೆರಿಕದ ಮಿನ್ನೆಸೋಟಾದಿಂದ. ನನ್ನದು ಪದದ್ದೇ ಗೊಂದಲ. ಇಲ್ಲಿ ಪಕ್ಕದ ಮನೆಯವರು "ನಮ್ಮನೆಗೆ ಜಿಯೋಥರ್ಮಲ್ ಹಾಕಿಸಿದೆವು" ಅಂದರು. ಹಿತ್ತಲಲ್ಲಿ ಹಬೆ ಏಳುತ್ತೇನೋ ಅಂತ ಇಣುಕಿದೆ. ಏನೂ ಇಲ್ಲ, ಹಿಮ ಅಷ್ಟೇ. ಅದರಿಂದ ಕರೆಂಟು ಬರೋದಿಲ್ಲ, ಉಲ್ಟಾ ಕರೆಂಟು ಬೇಕಂತೆ! ಹಾಗಾದರೆ ಅದೂ ಭೂಶಾಖವಾ?

ಶಕ್ತಿನಗರ ನಿವೃತ್ತ

ಸುಬ್ಬಕ್ಕ, ಅದು ಫ್ರಿಜ್ಜಿನ ತಮ್ಮ. ಹೀಟ್ ಪಂಪ್. ನಮ್ಮೂರ ಬಾವಿ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಅನ್ನಿಸಲ್ವಾ? ನೀರು ಬದಲಾಗಿಲ್ಲ, ಹೊರಗಿನ ಗಾಳಿ ಬದಲಾಗಿದೆ. ಕೆಲವು ಮೀಟರ್ ಕೆಳಗೆ ನೆಲದ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ನಿಮ್ಮ ಪಕ್ಕದ ಮನೆಯವರು ಕೊಳವೆ ಹೂತು ಆ ಬಿಸಿಯನ್ನು ಪಂಪ್ ಹಾಕಿ ಮನೆಯೊಳಗೆ ಎಳೆಯುತ್ತಾರೆ. ಪಂಪ್ ಓಡೋಕೆ ಕರೆಂಟು ಬೇಕೇ ಬೇಕು. ಅಷ್ಟು ಮೇಲ್ಪದರದ ಬಿಸಿಯಲ್ಲಿ ಜಾಸ್ತಿ ಪಾಲು ಸೂರ್ಯನದು.

ಹಾಗಾಗಿ ಇಂಗ್ಲಿಷಿನವರ ಒಂದೇ ಪದದೊಳಗೆ ಮೂರು ಕೆಲಸ ಸೇರಿಕೊಂಡಿವೆ. ಕರೆಂಟು ಮಾಡೋದು, ಬಿಸಿನೀರನ್ನೇ ನೇರ ಬಳಸೋದು, ಮತ್ತೆ ಈ ಪಂಪು. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರೋದು ಎರಡನೆಯದರಿಂದ. 'ಸ್ಥಾವರ' ಅನ್ನಬಹುದಾದದ್ದು ಮೊದಲನೆಯದಕ್ಕೆ ಮಾತ್ರ.

ನೆಲದ ನುಡಿ

ಅಂದರೆ 'ಭೂಶಾಖ' ಅಂದರೆ ಸಾಲದು, 'ವಿದ್ಯುತ್ ಸ್ಥಾವರ' ಜೊತೆಗೆ ಇರಲೇಬೇಕು ಅಂತಾಯಿತು. ಸರಿ, ಪರೀಕ್ಷೆಗೆ ಭೂಶಾಖ ಇರಲಿ. ಮಾತಿಗೆ ನೆಲಗಾವು ಬಿಡಲ್ಲ.

ಪುತ್ತೂರುದ ಪೊಣ್ಣು

ನಾನು ಬೆಂದ್ರ್ ಕರೆಂಟ್ ಅಂತೇನೆ. ಯಾರೂ ತಡೆಯಬೇಡಿ.

ಹೊಸದುರ್ಗದ ಮೇಷ್ಟ್ರು

ಇವತ್ತು ಕ್ಲಾಸಿನಲ್ಲಿ ಎಲ್ಲ ಹೇಳಿದೆ. ಕಟ್ಟಿಗೆ ಇಲ್ಲದ ಹಂಡೆ ಅಂದ ಕೂಡಲೇ ಅರ್ಧ ಕ್ಲಾಸಿಗೆ ಹಿಡಿಸಿತು. ಪ್ರಶ್ನೆ ಕೇಳಿದ ಹುಡುಗಿ, "ಹಾಗಾದರೆ ರಾಯಚೂರಿನದನ್ನು ಕಲ್ಲಿದ್ದಲು ವಿದ್ಯುತ್ ಅಂತಲೇ ಕರೆಯಬೇಕಿತ್ತು, ತಪ್ಪು ಹೆಸರು ಅದರದು, ಇದರದಲ್ಲ" ಅಂದಳು. ನಾನು ಸುಮ್ಮನೆ ಕೂತೆ.

ಸರ್, ಪೆನ್ನು ಕೊಡ್ತೀನಿ ಅಂದಿದ್ದನ್ನು ಅವಳಿಗೆ ಹೇಳಿಬಿಟ್ಟಿದ್ದೇನೆ.

ಶಕ್ತಿನಗರ ನಿವೃತ್ತ

ವಿಳಾಸ ಇನ್‌ಬಾಕ್ಸ್ ಮಾಡಿ ಮೇಷ್ಟ್ರೇ, ನಾಳೆಯೇ ಪೋಸ್ಟ್ ಮಾಡುತ್ತೇನೆ. ಮೂವತ್ತು ವರ್ಷ ತಪ್ಪು ಹೆಸರಿನ ಜಾಗದಲ್ಲಿ ಕೆಲಸ ಮಾಡಿದ ದಂಡ ಅಂತ ತಿಳಿಯುತ್ತೇನೆ.

ಹೊಸದುರ್ಗದ ಮೇಷ್ಟ್ರು

ಎರಡು ಕಳಿಸಿ ಸರ್. ಸಿಮ್ ಹುಡುಗನೂ ಕೇಳುತ್ತಿದ್ದಾನೆ.